ಒಂಬತ್ತು ಪಾಯಿಂಟ್ ಎರಡು ಸೆಕೆಂಡು

"ಶನಿವಾರ ಮಧ್ಯಾಹ್ನದ ಊಟದ ಹೊತ್ತಿಗೆ ಈ ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಏಳುತ್ತೆ. ಏಳದಿದ್ರೆ ನನ್ನ ಡಿಗ್ರಿ ಸರ್ಟಿಫಿಕೇಟು ಹರಿದು ಅದರಲ್ಲೇ ಕೈ ಒರೆಸಿಕೊಳ್ತೀನಿ, ಬರೆದಿಟ್ಟುಕೋ!"

ಹೀಗೆಂದು ಸಾಹೇಬರು ಬುಧವಾರ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಸ್ಪ್ಯಾನರ್ ಕುಟ್ಟಿ ಘೋಷಿಸಿದಾಗ ಅವರ ಹೆಂಡತಿ ದೋಸೆಗೆ ಬೆಣ್ಣೆ ಸವರುತ್ತಿದ್ದಳು. ಬರೆದಿಟ್ಟುಕೊಳ್ಳಲಿಲ್ಲ. ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ಇಂಥ ಘೋಷಣೆಗಳನ್ನೆಲ್ಲ ಬರೆದಿಡುತ್ತ ಹೋಗಿದ್ದರೆ ಮನೆಗೆ ಇನ್ನೊಂದು ಬೀರು ತರಬೇಕಾಗುತ್ತಿತ್ತು!

"ಮೊದಲು ಅದನ್ನ ಬೆಣ್ಣೆ ಡಬ್ಬಿ ಪಕ್ಕದಿಂದ ತೆಗೀರಿ" ಎಂದಳು, ಅಷ್ಟೆ.

ಸಾಹೇಬರು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಗಾಜಿನ ಕೊಳವೆಯಲ್ಲಿ ನೀರು ತುಂಬಿಸಿ, ಕಣ್ಣು ಕಿರಿದು ಮಾಡಿ, ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಬಿಂದುವಿನ ಮುಂದಿನ ಅಂಕಿಯವರೆಗೆ ಹೇಳುವುದು ಅವರ ವೃತ್ತಿ. ವೃತ್ತಿ ಮನೆಗೂ ಬರುತ್ತಿತ್ತು. ಅನ್ನ ಬೆಂದದ್ದು ಹದಿನೇಳೂವರೆ ನಿಮಿಷಕ್ಕೆ, ಬಸ್ಸು ತಡವಾದದ್ದು ನಾಲ್ಕು ಪಾಯಿಂಟ್ ಮೂರು ನಿಮಿಷ. ಸಹೋದ್ಯೋಗಿಗಳು ಅವರಿಗೆ 'ದಶಮಾಂಶ ಸಾಹೇಬರು' ಎಂದು ನಾಮಕರಣ ಮಾಡಿ ಯಾವುದೋ ಕಾಲವಾಗಿತ್ತು. ಅವರು ಅದನ್ನು ಬಿರುದೆಂದೇ ಭಾವಿಸಿದ್ದರು.

ಕಾರು ಅವರದಲ್ಲ, ಮಾವನವರದು. ಮೂವತ್ತೆಂಟು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಮಾವ ಅದರಲ್ಲಿ ಅತ್ತೆಯನ್ನು ಕೂರಿಸಿಕೊಂಡು ಊರಾಚೆಯ ಹೊಳೆ ಸೇತುವೆಯವರೆಗೆ ಹೋಗಿ, ಕಾರು ನಿಲ್ಲಿಸಿ, ಫ್ಲಾಸ್ಕಿನಿಂದ ಒಂದೊಂದು ಲೋಟ ಕಾಫಿ ಕುಡಿದು ವಾಪಸಾಗುತ್ತಿದ್ದರು. ಮಾವ ಹೋಗಿ ಐದು ವರ್ಷ. ಅಂದಿನಿಂದ ಕಾರು ಮನೆಯ ಮುಂದಿನ ಪೋರ್ಟಿಕೋದಲ್ಲಿ ಮುಸುಕು ಹೊದ್ದು ನಿಂತಿತ್ತು. ಅತ್ತೆ ಮಗಳ ಜೊತೆಗೇ ಇದ್ದರು. ಮುಂಬಾಗಿಲ ಪಕ್ಕದ ಬೆತ್ತದ ಕುರ್ಚಿ, ಪತ್ರಿಕೆಯ ಪದಬಂಧ, ಒಂದು ಗಿಡ್ಡ ಪೆನ್ಸಿಲು, ಇಷ್ಟು ಅವರ ಸಾಮ್ರಾಜ್ಯ. ಹೊರಗೆ ಹೋಗೋಣವೆಂದರೆ "ಎಲ್ಲಿಗೆ?" ಎನ್ನುತ್ತಿದ್ದರು. ಮೊಣಕಾಲು ನೋವಿಗೆ ಡಾಕ್ಟರ ಹತ್ತಿರ ಹೋಗೋಣವೆಂದರೆ "ಯಾಕೆ?" ಎನ್ನುತ್ತಿದ್ದರು. ಈ ಎರಡು ಪ್ರಶ್ನೆಗಳ ನಡುವೆ ಐದು ವರ್ಷ ಕಳೆದುಹೋಗಿತ್ತು.

ನಾಲ್ಕು ತಿಂಗಳ ಹಿಂದೆ ಸಾಹೇಬರು ಮುಸುಕು ಎಳೆದು ಕಾರಿನ ಮೇಲೆ ಕೈ ಇಟ್ಟರು. ಬ್ಯಾಟರಿ ಹೊಸದಾಯಿತು, ಬ್ರೇಕು ಸರಿಹೋಯಿತು, ಟೈರು ಬದಲಾಯಿತು. ಇಂಜಿನ್ನೂ ಏಳತೊಡಗಿತು. ಧೈರ್ಯ ಮಾಡಿ ಅತ್ತೆಯನ್ನು ಕೇಳಿದರು.

"ಅತ್ತೆ, ಈ ಭಾನುವಾರ ಸೇತುವೆಗೆ ಹೋಗೋಣವಾ?"

ಅತ್ತೆ ಪದಬಂಧದಿಂದ ತಲೆ ಎತ್ತಿದರು. ಬಾಗಿಲಾಚೆಯ ಕಾರನ್ನು ನೋಡಿದರು. ಆಮೇಲೆ, "ಅದು ಸ್ಟಾರ್ಟ್ ಆಗಲಿ, ಬರ್ತೀನಿ" ಎಂದರು.

ಅಷ್ಟು ಸಾಕಿತ್ತು! ಸಾಹೇಬರ ಕಾಲು ನೆಲಕ್ಕೆ ತಾಗಲಿಲ್ಲ. ಆದರೆ ಒಂದು ಅಡಚಣೆಯಿತ್ತು. ಅದು ಅವರ ನೋಟ್‌ಬುಕ್ಕಿನಲ್ಲಿ 'ದೋಷ ಸಂಖ್ಯೆ ಮೂರು' ಎಂದು ದಾಖಲಾಗಿತ್ತು.

ಕಾರನ್ನು ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ನಿನೊಳಗಿನಿಂದ ಟಕಟಕಟಕ ಎಂದು ಒಂದು ಸದ್ದು ಬರುತ್ತಿತ್ತು, ಯಾರೋ ಕಬ್ಬಿಣದ ಬಾಗಿಲನ್ನು ಅವಸರದಿಂದ ತಟ್ಟಿದ ಹಾಗೆ. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತಿತ್ತು. ಸಾಹೇಬರು ಸ್ಟಾಪ್‌ವಾಚ್ ಹಿಡಿದು ಹನ್ನೊಂದು ಸಲ ಅಳೆದು ಸರಾಸರಿ ತೆಗೆದರು: ಒಂಬತ್ತು ಪಾಯಿಂಟ್ ಎರಡು ಸೆಕೆಂಡು. ಕಾರಣವನ್ನೂ ಪತ್ತೆಹಚ್ಚಿದರು. ಆ ಕಾಲದ ಇಂಜಿನ್ನಿನಲ್ಲಿ ಆಯಿಲ್ ಸೋಸುವ ಫಿಲ್ಟರು ಒಂದು ಕಬ್ಬಿಣದ ಬಟ್ಟಲಿನೊಳಗಿರುತ್ತದೆ, ಬಟ್ಟಲು ಒಂದೇ ಒಂದು ಉದ್ದ ಬೋಲ್ಟಿನಿಂದ ಇಂಜಿನ್ನಿನ ಪಕ್ಕೆಗೆ ನೇತಾಡುತ್ತದೆ. ಕಾರು ನಿಂತಾಗ ಬಟ್ಟಲಿನ ಆಯಿಲ್ ಅರ್ಧದಷ್ಟು ಮೆಲ್ಲಗೆ ಇಳಿದುಹೋಗುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಬಟ್ಟಲು ತುಂಬಿ ಆಯಿಲ್ ಮುಂದೆ ಹೋಗುವವರೆಗೂ ಒಣ ಕಬ್ಬಿಣ ಟಕಟಕ ಅನ್ನಲೇಬೇಕು.

ಇನ್ನೊಂದು ಸಂಗತಿಯನ್ನೂ ಅವರು ತಪ್ಪದೆ ದಾಖಲಿಸಿದ್ದರು. ಸ್ಟಾರ್ಟ್ ಮಾಡಿದಾಗಲೆಲ್ಲ ಅತ್ತೆ ಕುರ್ಚಿಯಿಂದೆದ್ದು ಬಾಗಿಲಿಗೆ ಬರುತ್ತಿದ್ದರು. ಬರುವಷ್ಟರಲ್ಲಿ ಸದ್ದು ನಿಂತಿರುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತು, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಸಾಹೇಬರು ಬರೆದುಕೊಂಡಿದ್ದರು: 'ಅತ್ತೆ ಬಾಗಿಲಿಗೆ: ಹನ್ನೊಂದು ಪಾಯಿಂಟ್ ಆರು ಸೆಕೆಂಡು. ಕಾರಣ: ಸದ್ದಿನ ಕಿರಿಕಿರಿ.'

ಪಾಪ, ಆ ಸದ್ದು ವಯಸ್ಸಾದವರ ಕಿವಿಗೆ ಎಷ್ಟು ಹಿಂಸೆಯೋ! ಅದನ್ನು ಅಡಗಿಸಿಯೇ ಅವರನ್ನು ಕಾರು ಹತ್ತಿಸಬೇಕು. ಆ ಬುಧವಾರದ ಪ್ರತಿಜ್ಞೆಯ ಹಿಂದೆ ಇದ್ದದ್ದು ಈ ಕರುಣೆ.

ಉಪಾಯ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು. ಬಟ್ಟಲನ್ನು ಕಿತ್ತುಹಾಕಿ, ಅದರ ಜಾಗಕ್ಕೆ ಒಂದು ಲೋಹದ ಬಿಲ್ಲೆ ಕೂರಿಸಿ, ಅದಕ್ಕೆ ಡಬ್ಬಿಯಂಥ ಹೊಸ ಫಿಲ್ಟರನ್ನು ತಿರುಗಿಸಿ ಸಿಕ್ಕಿಸುವ ಸೆಟ್ಟು. ಡಬ್ಬಿಯೊಳಗೆ ಒಂದು ಪುಟ್ಟ ಕವಾಟವಿದ್ದು, ಕಾರು ನಿಂತರೂ ಆಯಿಲ್ ಇಳಿಯುವುದಿಲ್ಲ. ಆಯಿಲ್ ಇಳಿಯದಿದ್ದರೆ ಸದ್ದಿಲ್ಲ!

"ಬಿಲ್ಲೆ ಕೂರಿಸೋ ಮುಂಚೆ ರಬ್ಬರ್ ಉಂಗುರ ಒಂದು ನೋಡ್ಕೊಂಬಿಡಿ ಸಾಹೇಬ್ರೆ" ಎಂದರು ಅಂಗಡಿಯವರು.

"ನಾನು ಕೆಮಿಸ್ಟು ಕಣ್ರೀ" ಎಂದರು ಸಾಹೇಬರು. ಅಂಗಡಿಯವರಿಗೆ ಇದು ಉತ್ತರವೋ ಸಮಾಚಾರವೋ ತಿಳಿಯದೆ ರಸೀದಿ ಬರೆದುಕೊಟ್ಟರು.

ಶನಿವಾರ ಬಂತು. ಸಾಹೇಬರ ಸಿದ್ಧತೆ ನೋಡಿದ್ದರೆ ದಂಡಯಾತ್ರೆಗೆ ಹೊರಟ ದೊರೆಗಳು ನಾಚಬೇಕಿತ್ತು. ಪೋರ್ಟಿಕೋದ ಗೋಡೆಯ ಹಲಗೆಯ ಮೇಲೆ ಹದಿನಾಲ್ಕು ಡಬ್ಬಿಗಳು, ಪ್ರತಿಯೊಂದಕ್ಕೂ ಚೀಟಿ: 'ಬೋಲ್ಟು, ಉದ್ದ', 'ವಾಷರು, ತಾಮ್ರ', 'ಸ್ಪ್ರಿಂಗು'. ಪಕ್ಕದಲ್ಲಿ ಕೆಲಸದ ಪಟ್ಟಿ. ಹೆಂಡತಿ ಬಂದು ಇಣುಕಿದಳು. ಒಂಬತ್ತನೆಯ ಸಾಲಿನಲ್ಲಿ ಹೀಗಿತ್ತು: 'ಹೆಂಡತಿ: ಟೀ (ಎರಡು ಸಲ), ಹಳೇ ಬಟ್ಟೆ.'

"ಇಷ್ಟೇನಾ ನನ್ನ ಕೆಲಸ?"

"ಇದು ಸ್ವಲ್ಪ ತಾಂತ್ರಿಕ ವಿಷಯ ಕಣೇ."

"ಓಹೋ" ಎಂದಳು ಹೆಂಡತಿ. ಆ ಓಹೋ ತುಂಬ ಉದ್ದವಿತ್ತು. ಸಾಹೇಬರು ಅದನ್ನು ಅಳೆಯಲಿಲ್ಲ. "ಆ ಹಳೇ ಬಟ್ಟಲನ್ನ ಮಾತ್ರ ಎಸೀಬೇಡಿ" ಎಂದು ಸೇರಿಸಿ ಒಳಗೆ ಹೋದಳು.

ಬಟ್ಟಲು ಬಿಚ್ಚಿತು. ಕಪ್ಪು ಆಯಿಲ್ ಬೋಗುಣಿಗೆ ಇಳಿಯಿತು. ಬಟ್ಟಲಿನ ಬಾಯಿ ಒತ್ತಿಕೊಳ್ಳುತ್ತಿದ್ದ ಜಾಗದಲ್ಲಿ, ಇಂಜಿನ್ನಿನ ಪಕ್ಕೆಯಲ್ಲಿ, ರಬ್ಬರ್ ಉಂಗುರ ಕೂರುವ ದುಂಡನೆಯ ಹಳ್ಳವೊಂದಿತ್ತು. ಸಾಹೇಬರು ಅದನ್ನು ಬಟ್ಟೆಯಲ್ಲಿ ಮೂರು ಸಲ ಒರೆಸಿ, ಬೆರಳಾಡಿಸಿ ನೋಡಿ ಬರೆದುಕೊಂಡರು: 'ಹಳ್ಳ: ಸ್ವಚ್ಛ, ನುಣುಪು.' ಹೊಸ ಉಂಗುರ ಇಟ್ಟರು. ಬಿಲ್ಲೆ ಕೂರಿಸಿದರು. ಡಬ್ಬಿ ತಿರುಗಿಸಿದರು. ಹೊಸ ಆಯಿಲ್ ಮೂರು ಪಾಯಿಂಟ್ ಎಂಟು ಲೀಟರ್ ಸುರಿದರು. ಹನ್ನೆರಡು ಗಂಟೆ ಹತ್ತು ನಿಮಿಷ. ಊಟಕ್ಕೆ ಇನ್ನೂ ಐವತ್ತು ನಿಮಿಷ!

"ನೋಡ್ಬಾ ಇಲ್ಲಿ!" ಎಂದು ಹೆಂಡತಿಯನ್ನು ಕೂಗಿ, ಬಾನೆಟ್ಟು ತೆರೆದೇ ಇಟ್ಟು, ಕೀಲಿ ತಿರುಗಿಸಿ, ಸಂಗೀತ ಕೇಳಲು ಬಂದವರಂತೆ ಇಂಜಿನ್ನಿನ ಪಕ್ಕಕ್ಕೆ ಬಂದು ತಲೆ ಬಾಗಿಸಿ ನಿಂತರು.

ಮೊದಲು 'ಪುಸ್' ಎಂದಿತು.

ಆಮೇಲೆ ಕಾರಂಜಿ! ಬಿಸಿಯಾಗುತ್ತಿದ್ದ ಹೊಸ ಆಯಿಲ್ ಬಿಲ್ಲೆಯ ಒಂದು ಅಂಚಿನಿಂದ ಬೀಸಣಿಗೆಯ ಹಾಗೆ ಚಿಮ್ಮಿ, ಸಾಹೇಬರ ಕನ್ನಡಕ, ಮೂಗು, ಅಂಗಿಗಳನ್ನು ಕ್ರಮವಾಗಿ ಸಂದರ್ಶಿಸಿ, ಹದಿನೈದು ದಿನದ ಹಿಂದಷ್ಟೇ ಸುಣ್ಣ ಬಳಿದಿದ್ದ ಗೋಡೆಯ ಮೇಲೆ ಒಂದು ಭೂಪಟ ಬರೆಯಿತು. "ಕೀಲಿ! ಕೀಲಿ!" ಎಂದು ಕೂಗುತ್ತ ಸಾಹೇಬರು ಕುರುಡಾಗಿ ಓಡಿದರು. ನೆಲವೂ ಆ ಹೊತ್ತಿಗೆ ಆಯಿಲ್ ಕುಡಿದು ಸಿದ್ಧವಾಗಿತ್ತು. ಎಡಗಾಲು ಒಂದು ಊರಿಗೂ ಬಲಗಾಲು ಇನ್ನೊಂದು ಊರಿಗೂ ಹೊರಟವು. ಆಸರೆಗೆಂದು ಹಲಗೆ ಹಿಡಿದರು. ಹಲಗೆ ಅವರನ್ನು ಹಿಡಿಯಲಿಲ್ಲ. ಹದಿನಾಲ್ಕು ಡಬ್ಬಿಗಳೂ ಒಟ್ಟಿಗೇ ತಲೆಯ ಮೇಲೆ ಬಿದ್ದವು. ಚೀಟಿಗಳು ಒಂದು ಕಡೆ, ಸಾಮಾನು ಒಂದು ಕಡೆ.

ಕೀಲಿ ತಿರುಗಿಸಿದ್ದು ಹೆಂಡತಿ. ಇಂಜಿನ್ನು ನಿಂತಿತು. ತೊಟ್, ತೊಟ್, ತೊಟ್.

ಸಾಹೇಬರು ನೆಲದ ಮೇಲೆ ಕೂತೇ ಕೈಗೆ ಸಿಕ್ಕ ಕಾಗದಗಳನ್ನು ಹಾಸಿ ಪ್ರವಾಹ ತಡೆಯಲು ಹೊರಟರು. ಬಾಗಿಲಿನಿಂದ ಅತ್ತೆಯ ದನಿ ಕೇಳಿತು: "ಅಳಿಯಂದ್ರೆ, ಅದು ನನ್ನ ಪದಬಂಧ. ಮೂರು ವಾರದ್ದು. ಒಂದೇ ಮನೆ ಬಾಕಿ ಇತ್ತು."

"ಕೈ ಒರೆಸೋಕೆ ಏನಾದ್ರೂ ಕೊಡೇ" ಎಂದರು ಸಾಹೇಬರು ಹೆಂಡತಿಗೆ, ಕ್ಷೀಣವಾಗಿ.

"ಸರ್ಟಿಫಿಕೇಟು ತರ್ಲಾ?"

ಅವಳು ಬಗ್ಗಿ ಇಂಜಿನ್ನಿನ ಪಕ್ಕೆ ನೋಡಿದಳು. ಕೇಳಿದಳು: "ಎಷ್ಟು ಉಂಗುರ ಆಚೆ ಬಂತು?"

"ಹೊಸದು ಒಂದು ಹಾಕಿದ್ದೀನಿ. ಸರಿಯಾದ ಅಳತೆದೇ."

"ಒಳಗೆ ಹೋದದ್ದು ಕೇಳಲಿಲ್ಲ. ಆಚೆ ಎಷ್ಟು ಬಂತು ಅಂದೆ."

ಸಾಹೇಬರು ಕನ್ನಡಕ ಒರೆಸಿಕೊಂಡರು. ನೋಟ್‌ಬುಕ್ಕು ತೆರೆದರು. ಅದರಲ್ಲಿ ಆಚೆ ಬಂದದ್ದಕ್ಕೆ ಸಾಲೇ ಇರಲಿಲ್ಲ.

ಹೆಂಡತಿ ಬಿಲ್ಲೆ ಬಿಚ್ಚಿಸಿದಳು. ಹೊಸ ಉಂಗುರ ತೆಗೆದಿಟ್ಟಳು. ತಲೆಯಿಂದ ಒಂದು ಹೇರ್‌ಪಿನ್ನು ಕಿತ್ತು, ಅದರ ತುದಿ ಬಾಗಿಸಿ, ಸ್ವಚ್ಛವೂ ನುಣುಪೂ ಆಗಿದ್ದ ಆ ಹಳ್ಳಕ್ಕೆ ಚುಚ್ಚಿ ಮೆಲ್ಲಗೆ ಮೀಟಿದಳು. ಹಳ್ಳದ ತಳವೆಂದು ಸಾಹೇಬರು ಬೆರಳಾಡಿಸಿದ್ದದ್ದು ತಳವಾಗಿರಲೇ ಇಲ್ಲ! ಕಲ್ಲಿನಂತೆ ಗಟ್ಟಿಯಾಗಿ, ಕಬ್ಬಿಣದ ಬಣ್ಣಕ್ಕೇ ತಿರುಗಿ ಅಡಗಿ ಕೂತಿದ್ದ ಹಳೆಯ ಉಂಗುರ ಚಟ್ ಎಂದು ಈಚೆ ಬಂತು. ಅದರ ಮೇಲೆ ಇನ್ನೊಂದು ಕೂರಿಸಿದರೆ ಕಾರಂಜಿಯಲ್ಲದೆ ಇನ್ನೇನು?

"ನಿಂಗೆ ಹೇಗೆ ಗೊತ್ತು?"

"ಅಪ್ಪನ ಬೆರಳು ದಪ್ಪ. ಹಳ್ಳದೊಳಗೆ ಹೋಗ್ತಿರಲಿಲ್ಲ. ಎಂಟು ವರ್ಷದವಳಿದ್ದಾಗಿಂದ ಉಂಗುರ ತೆಗೆಯೋದು ನನ್ನ ಕೆಲಸ. ತೆಗೆದ ಮೇಲೆ ಅಪ್ಪ ಕೇಳೋದು, ಎಷ್ಟು ಬಂತು ಅಂತ. ಒಂದು ಅನ್ಬೇಕು. ಆಮೇಲೆ ಹೊಸದನ್ನ ಕೈಗೆ ಕೊಡ್ತಿದ್ರು." ಅವಳು ಆ ಗಟ್ಟಿ ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ಕೊನೇ ಸಲ ನಾನೇ ಹಾಕಿದ್ದು." ಬಿಸಾಡಲಿಲ್ಲ. ಒರೆಸಿ, ಬಳೆಯ ಹಾಗೆ ಮಣಿಕಟ್ಟಿಗೆ ಏರಿಸಿಕೊಂಡಳು.

"ಮೊದಲೇ ಹೇಳಬಾರದಿತ್ತಾ?"

"ತಾಂತ್ರಿಕ ವಿಷಯ ಅಂದ್ರಿ. ನನ್ನ ಹೆಸರು ಟೀ ಪಕ್ಕ ಇತ್ತು."

ಊಟ ನಾಲ್ಕು ಗಂಟೆಗಾಯಿತು. ನೆಲದ ಪಾಲಾದ ಆಯಿಲ್, ಸಾಹೇಬರ ಅಂದಾಜಿನಂತೆ, ಒಂದು ಪಾಯಿಂಟ್ ಆರು ಲೀಟರ್. ಆದರೆ ಸಂಜೆ ಮತ್ತೆ ಹೊಸ ಆಯಿಲ್ ತುಂಬಿ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಓಡಿಸಿದಾಗ ಒಂದು ತೊಟ್ಟೂ ಸೋರಲಿಲ್ಲ. ಸಾಹೇಬರ ಎದೆ ಮತ್ತೆ ಒಂದಿಂಚು ಮುಂದೆ ಬಂತು.

ಭಾನುವಾರ ಬೆಳಿಗ್ಗೆ ಏಳೂವರೆ. ಫ್ಲಾಸ್ಕಿಗೆ ಕಾಫಿ ತುಂಬಿತು. ಅತ್ತೆ ಒಗೆದಿಟ್ಟಿದ್ದ ಸೀರೆ ಉಟ್ಟು, ತಲೆ ಬಾಚಿಕೊಂಡು, ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಚೀಲ. ಚಪ್ಪಲಿ ಕಾಲಿನ ಮುಂದೆ ಜೋಡಿಸಿತ್ತು, ಕಾಲಿಗೆ ಹಾಕಿರಲಿಲ್ಲ.

ಸಾಹೇಬರು ಕೀಲಿ ತಿರುಗಿಸಿದರು. ಕಾರು ಬೆಕ್ಕಿನ ಹಾಗೆ ಎದ್ದಿತು! ಟಕ್ ಎಂಬ ಒಂದು ಶಬ್ದವಿಲ್ಲ. ಸ್ಟಾಪ್‌ವಾಚಿನಲ್ಲಿ ಸೊನ್ನೆ ಪಾಯಿಂಟ್ ಸೊನ್ನೆ. ಸಾಹೇಬರು ಎಡಗಡೆ ಮುಂದಿನ ಬಾಗಿಲು ತೆರೆದಿಟ್ಟು ಕಾದರು. ಹೆಂಡತಿ ಹಿಂದೆ ಕೂತು ಕಾದಳು. ಒಂದು ನಿಮಿಷ. ಮೂರು ನಿಮಿಷ. ಆರು ನಿಮಿಷ. ಹಾರ್ನ್ ಮಾಡಿದರು. ಕೊನೆಗೆ ಇಳಿದು ಒಳಗೆ ಹೋದರು.

"ಅತ್ತೆ, ಬರಲ್ವಾ?"

"ಬರ್ತೀನಿ, ಸ್ಟಾರ್ಟ್ ಮಾಡಿ."

"ಸ್ಟಾರ್ಟ್ ಮಾಡಿ ಏಳು ನಿಮಿಷ ಆಯ್ತಲ್ಲ ಅತ್ತೆ!"

"ಇಲ್ಲ ಅಳಿಯಂದ್ರೆ. ಇನ್ನೂ ಸ್ಟಾರ್ಟ್ ಆಗಿಲ್ಲ."

"ಇಂಜಿನ್ ಓಡ್ತಾ ಇದೆ. ಬೇಕಾದ್ರೆ ಕೈ ಇಟ್ಟು ನೋಡಿ!"

"ಮೂವತ್ತೆಂಟು ವರ್ಷ ಅದು ಸ್ಟಾರ್ಟ್ ಆಗೋದು ಕೇಳಿದ್ದೀನಿ" ಎಂದರು ಅತ್ತೆ. ದನಿಯಲ್ಲಿ ಜಗಳವಿರಲಿಲ್ಲ. "ಅವರು ಒಂದು ದಿನಕ್ಕೂ ಹೊರಡೋಣ ಬಾ ಅಂದವರಲ್ಲ. ಸುಮ್ನೆ ಹೋಗಿ ಕೂತು ಕೀಲಿ ತಿರುಗಿಸೋರು. ಟಕಟಕ ಅನ್ನೋದು. ಅದೇ ನನ್ನ ಕರೆಯೋದು. ಚಪ್ಪಲಿ, ಚೀಲ, ಚಿಲಕ. ಮೂರೂ ಮುಗಿಸಿ ನಾನು ಕೂತು ಡೋರ್ ಹಾಕಬೇಕು, ಸದ್ದು ನಿಲ್ಲಬೇಕು. ಒಂದು ದಿನ ತಪ್ಪಿರಲಿಲ್ಲ." ಬಾಗಿಲಾಚೆ ನೋಡಿದರು. "ಅವರಿಲ್ಲ ಅನ್ನೋದು ನಂಗೆ ಗೊತ್ತು. ಈ ಕಾಲಿಗೆ ಗೊತ್ತಿಲ್ಲ. ನೀವು ಇಷ್ಟು ದಿನ ಸ್ಟಾರ್ಟ್ ಮಾಡಿದಾಗೆಲ್ಲ ತಾನಾಗೇ ಎದ್ದುಬಿಡೋದು. ಆದ್ರೆ ಹೊಸಿಲಿಗೆ ಬರೋಷ್ಟರಲ್ಲೇ ಸದ್ದು ನಿಂತುಹೋಗೋದು. ಮುದುಕಿ ಆದೆ, ಬಿಟ್ಟು ಹೋದ್ರು ಅಂತ ಅನ್ನಿಸೋದು. ಇವತ್ತಾದ್ರೂ ಹಿಡೀಬೇಕು ಅಂತ ಚಪ್ಪಲಿ ಹತ್ತಿರ ಇಟ್ಕೊಂಡು ಕೂತಿದ್ದೆ. ಇವತ್ತು ಕರೀಲೇ ಇಲ್ಲ."

ಸಾಹೇಬರು ಜೇಬಿನ ನೋಟ್‌ಬುಕ್ಕನ್ನು ಮುಟ್ಟಿಕೊಂಡರು. ಹನ್ನೊಂದು ಸಲ ಅಳೆದಿದ್ದರು. ಬಿಂದುವಿನ ಮುಂದಿನ ಅಂಕಿಯೂ ಸರಿಯಿತ್ತು. 'ಕಾರಣ' ಎಂಬಲ್ಲಿ ಮಾತ್ರ ತಪ್ಪು ಬರೆದಿದ್ದರು.

"ಅತ್ತೆ, ನಂಗೆ ಒಂದು ಗಂಟೆ ಕೊಡಿ" ಎಂದರು.

"ಐದು ವರ್ಷ ಕೂತಿದ್ದೀನಿ. ಒಂದು ಗಂಟೆ ಕೂರಲ್ವಾ?"

ಹೊರಗೆ ಬಂದು ಸಾಹೇಬರು ಇಂಜಿನ್ನು ನಿಲ್ಲಿಸಿ, ಒಗೆದ ಅಂಗಿಯ ತೋಳು ಮಡಿಸಿದರು. ಕಾರಿನಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಇಳಿದು ಒಳಗೆ ಹೋದಳು. ಒಳಗಿನಿಂದ ಹಳೆಯ ಬಟ್ಟಲು ತಂದಳು. ಆಗಲೇ ತೊಳೆದು ಒಳಗೆ ಹೊಸ ಕಾಗದದ ಫಿಲ್ಟರೂ ಇಟ್ಟಿದ್ದಳು! ಹೊಸ ಡಬ್ಬಿ ಬಿಚ್ಚಿತು, ಬಿಲ್ಲೆ ಬಿಚ್ಚಿತು. ಹೇರ್‌ಪಿನ್ನು ಹಳ್ಳದೊಳಗೆ ಹೋಯಿತು.

"ಎಷ್ಟು ಬಂತು?" ಎಂದರು ಸಾಹೇಬರು.

ಅವಳು ತಟ್ಟನೆ ಅವರ ಮುಖ ನೋಡಿದಳು. "ಒಂದು" ಎಂದಳು. ಸಾಹೇಬರು ಇನ್ನೊಂದು ಉಂಗುರವನ್ನು ಅವಳ ಕೈಗೆ ಕೊಟ್ಟರು.

ಬಟ್ಟಲಿಗೆ ಆಯಿಲ್ ಹಾಕುವಾಗ ಸಾಹೇಬರು ಪ್ರಯೋಗಾಲಯದ ಅಳತೆಯ ಜಾರು ತಂದು, ಕಾರು ನಿಂತಾಗ ಬಟ್ಟಲಲ್ಲಿ ಉಳಿಯುತ್ತಿದ್ದಷ್ಟೇ ಆಯಿಲ್ ಅಳೆದುಕೊಂಡರು. ನೋಟ್‌ಬುಕ್ಕಿನ ಹಳೆಯ ಪುಟ ತೆರೆದರು. ಬಾಗಿಲಿಗೆ ಬರಲು ಹನ್ನೊಂದು ಪಾಯಿಂಟ್ ಆರು. ಅದಕ್ಕೆ ಚಿಲಕ ಸೇರಿಸಬೇಕು, ಕಾರಿನವರೆಗೆ ಮೂರು ಹೆಜ್ಜೆ ಸೇರಿಸಬೇಕು, ಚಪ್ಪಲಿ ಹತ್ತಿರವೇ ಇರುವುದರಿಂದ ಸ್ವಲ್ಪ ಕಳೆಯಬೇಕು. ತುಟಿಯಲ್ಲೇ ಲೆಕ್ಕ ಹಾಕಿದರು: ಹದಿನಾಲ್ಕು ಸೆಕೆಂಡು. ಬಟ್ಟಲಿಗೆ ಸುರಿಯುತ್ತ ಸುರಿಯುತ್ತ ಜಾರಿನಲ್ಲಿ ಒಂದು ಲೋಟದಷ್ಟು ಉಳಿದಾಗ ಕೈ ನಿಲ್ಲಿಸಿದರು. ಉಳಿದದ್ದನ್ನು ಮೇಲಿನ ಮುಚ್ಚಳದಿಂದ ಇಂಜಿನ್ನಿಗೇ ಹಾಕಿದರು. ಒಟ್ಟು ಆಯಿಲ್ ಕಡಿಮೆಯಾಗುವಂತಿಲ್ಲ. ಬಟ್ಟಲು ತುಂಬುವುದು ಮಾತ್ರ ಸ್ವಲ್ಪ ತಡವಾಗಬೇಕು.

"ಅಷ್ಟು ಹೊತ್ತು ಸದ್ದಾದ್ರೆ ಇಂಜಿನ್ನಿಗೆ ಕೆಟ್ಟದ್ದಲ್ವಾ?" ಎಂದಳು ಹೆಂಡತಿ, ಮೆಲ್ಲಗೆ.

"ಕೆಟ್ಟದ್ದೇ. ವಾರಕ್ಕೊಂದು ಸಲ, ಹದಿನಾಲ್ಕು ಸೆಕೆಂಡು. ವರ್ಷಕ್ಕೆ ಹನ್ನೆರಡು ನಿಮಿಷ, ಎಂಟು ಸೆಕೆಂಡು. ತಡ್ಕೊಳ್ಳುತ್ತೆ ಬಿಡು."

"ಮುಂದಿನ ವಾರ ಮತ್ತೆ ಒಂಬತ್ತಕ್ಕೇ ನಿಲ್ಲಲ್ವಾ?"

"ಪ್ರತಿ ಶನಿವಾರ ಸಂಜೆ ಬಿಚ್ಚಿ ಒಂದು ಲೋಟ ತೆಗೀತೀನಿ. ಉಂಗುರಕ್ಕೆ ನೀನು ಬಾ. ಟೀ ನಾನು ಮಾಡ್ತೀನಿ."

ಎಂಟು ಗಂಟೆ ನಲವತ್ತಾರು ನಿಮಿಷ. ಸಾಹೇಬರ ಮೊಣಕೈವರೆಗೂ ಮಸಿ. ಅಂಗಿಯ ಬಗ್ಗೆ ಹೇಳದಿರುವುದೇ ಲೇಸು. ಎಡಗಡೆ ಬಾಗಿಲು ತೆರೆದಿಟ್ಟು, ಚಾಲಕನ ಸೀಟಿನಲ್ಲಿ ಕೂತು, ಯಾರನ್ನೂ ಕರೆಯದೆ, ಹಾರ್ನ್ ಮಾಡದೆ, ಸುಮ್ಮನೆ ಕೀಲಿ ತಿರುಗಿಸಿದರು.

ಟಕಟಕಟಕಟಕ!

ಒಳಗೆ ಬೆತ್ತದ ಕುರ್ಚಿ ಕಿರ್ ಎಂದಿತು. ಚಪ್ಪಲಿಯ ಸದ್ದು. ಟಕಟಕಟಕ. ಚೀಲದ ಕೈ ಗೋಡೆಗೆ ತಾಗಿದ ಸದ್ದು. ಟಕಟಕಟಕ. ಹೊಸಿಲು. ಬಾಗಿಲು ಎಳೆದುಕೊಂಡದ್ದು. ಚಿಲಕ. ಒಂದು ಹೆಜ್ಜೆ, ಎರಡು, ಮೂರು. ಸಾಹೇಬರು ಎದುರಿನ ಗಾಜನ್ನೇ ನೋಡುತ್ತಿದ್ದರು. ತಿರುಗಿ ನೋಡುವ ಧೈರ್ಯವಿರಲಿಲ್ಲ. ಪಕ್ಕದ ಸೀಟು ತಗ್ಗಿತು. ಧಡ್ ಎಂದು ಡೋರು ಮುಚ್ಚಿತು.

ಸದ್ದು ನಿಂತಿತು.

ಅತ್ತೆ ಚೀಲವನ್ನು ತೊಡೆಯ ಮೇಲೆ ನೇರ ಮಾಡಿ ಇಟ್ಟುಕೊಂಡರು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಕಣ್ಣಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು.

"ಎಷ್ಟು ಬಂತು?" ಎಂದು ಹಿಂದಿನ ಸೀಟಿನಿಂದ ಹೆಂಡತಿ ಪಿಸುಗುಟ್ಟಿದಳು.

ಸಾಹೇಬರು ಬಲಗೈ ನೋಡಿಕೊಂಡರು. ಸ್ಟಾಪ್‌ವಾಚು ಇತ್ತು. ಒತ್ತುವುದು ಮರೆತುಹೋಗಿತ್ತು.

ಕಾರು ಗೇಟು ದಾಟಿ ರಸ್ತೆಗಿಳಿದಾಗ ಅತ್ತೆ ಉಸಿರು ಬಿಟ್ಟು, ಸೀಟಿಗೆ ಒರಗಿ, ಗೆದ್ದವರ ದನಿಯಲ್ಲಿ ಹೇಳಿದರು: "ನೋಡಿದ್ರಾ ಅಳಿಯಂದ್ರೆ? ಐದು ವರ್ಷ ಆದ್ರೂ ಈ ಕಾಲು ಒಂದು ಚೂರೂ ನಿಧಾನ ಆಗಿಲ್ಲ! ನೀವು ಸುಮ್ನೆ ಡಾಕ್ಟ್ರು ಡಾಕ್ಟ್ರು ಅಂತ ಪ್ರಾಣ ತಿಂತೀರಿ. ಎಲ್ಲದಕ್ಕೂ ಅಳತೆ ಹಿಡೀತೀರಲ್ಲ, ಇದನ್ನ ಒಂದು ದಿನ ಅಳೆದು ನೋಡಬಾರದಿತ್ತಾ?"

"ತಪ್ಪಾಯ್ತು ಅತ್ತೆ" ಎಂದರು ದಶಮಾಂಶ ಸಾಹೇಬರು.